ಎಂಜಿನ್ನಿಗೂ ಉಸಿರಾಟ ಬೇಕು



ಭಾಷೆ ಕಲಿಸುವವರಿಗೂ ಕಾರಿನ ಎಂಜಿನ್ನಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ವಾಕ್ಯವಾಗಲಿ, ಯಂತ್ರವಾಗಲಿ, ಬಿಡಿಸಿ ನೋಡಿದಾಗಲೇ ಅರ್ಥವಾಗುವುದು. ಅಷ್ಟೇ ಸಂಬಂಧ.

ಕುಕ್ಕರಿನ ಸೀಟಿಯ ರಂಧ್ರ ಕಟ್ಟಿಕೊಂಡರೆ ಏನಾಗುತ್ತದೆಂದು ತಾಯಂದಿರಿಗೆ ಗೊತ್ತು. ಎಂಜಿನ್ನಿನ ಕಥೆಯೂ ಹಾಗೆಯೇ. ಸಿಲಿಂಡರಿನಲ್ಲಿ ಪೆಟ್ರೋಲ್ ಉರಿದಾಗ ಸ್ವಲ್ಪ ಅನಿಲ ಪಿಸ್ಟನ್ ರಿಂಗುಗಳ ಸಂದಿಯಿಂದ ಕೆಳಗಿನ ಕ್ರ್ಯಾಂಕ್‌ಕೇಸಿಗೆ ನುಸುಳುತ್ತದೆ. ಅದರಲ್ಲಿ ಉರಿಯದ ಪೆಟ್ರೋಲ್ ಆವಿಯೂ ನೀರಾವಿಯೂ ಇರುತ್ತವೆ. ಅದು ಅಲ್ಲೇ ಉಳಿದರೆ ಆಯಿಲ್ ಕೆಟ್ಟು ಕೆಸರಾಗುತ್ತದೆ. ಒತ್ತಡ ಹೆಚ್ಚಿ ಸೀಲುಗಳಿಂದ ಆಯಿಲ್ ಸೋರುತ್ತದೆ.

ಹಿಂದಿನ ಕಾರುಗಳಲ್ಲಿ ಈ ಅನಿಲವನ್ನು ಒಂದು ಕೊಳವೆಯ ಮೂಲಕ ರಸ್ತೆಗೇ ಬಿಡುತ್ತಿದ್ದರು. ಲಾಸ್ ಏಂಜಲೀಸಿನಂಥ ನಗರದ ಹೊಗೆಮಂಜಿಗೆ ಇದೂ ಒಂದು ಕಾರಣವೆಂದು ತಿಳಿದ ಮೇಲೆ, ಕ್ಯಾಲಿಫೋರ್ನಿಯಾದಲ್ಲಿ 1961ರ ಮಾದರಿಯ ಕಾರುಗಳಿಂದ ಪಿ.ಸಿ.ವಿ. ವಾಲ್ವ್ ಬಂತು. ಈ ಪುಟ್ಟ ವಾಲ್ವ್ ಅನಿಲವನ್ನು ಮತ್ತೆ ಎಂಜಿನ್ನಿಗೇ ಎಳೆದು ಉರಿಸುತ್ತದೆ. ನಮ್ಮ ಭಾರತ್ ಸ್ಟೇಜ್ ನಿಯಮಗಳ ಪ್ರಕಾರವೂ ಪೆಟ್ರೋಲ್ ಕಾರಿನ ಈ ಅನಿಲ ಹೊರಗೆ ಹೋಗುವಂತಿಲ್ಲ. ಆದುದರಿಂದ ಪೈಪ್ ಕಿತ್ತು ಹೊರಗೆ ಬಿಡುವುದು ರಿಪೇರಿಯಲ್ಲ. ನಮ್ಮ ಕಸವನ್ನು ನೆರೆಯವರ ಅಂಗಳಕ್ಕೆ ಎಸೆದಂತೆ.

ಆಯಿಲ್ ಸೋರಿತೆಂದು ಕೂಡಲೇ ಸೀಲ್ ಬದಲಿಸಿದರೆ, ವಾಲ್ವ್ ಕಟ್ಟಿಕೊಂಡಿರುವ ತನಕ ಹೊಸ ಸೀಲೂ ಸೋರಬಹುದು. ಆದ್ದರಿಂದ ಮೊದಲು ಕಾರಣ ಹುಡುಕಿ. ಕಾರಿನ ಜೊತೆ ಬಂದ ಕೈಪಿಡಿ ಓದಿ. ಕೆಲವು ಕಾರುಗಳಲ್ಲಿ ವಾಲ್ವ್ ಮುಚ್ಚಳದೊಳಗೇ ಸೇರಿರುತ್ತದೆ. ಬಿಚ್ಚಲು ಬರುವಂತಿದ್ದರೆ, ಎಂಜಿನ್ ಆರಿಸಿ, ತಣ್ಣಗಾದ ಮೇಲೆ ಬಿಚ್ಚಿ ಅಲ್ಲಾಡಿಸಿ. ಒಳಗೆ ಸ್ಪ್ರಿಂಗ್ ಇರುವ ಸಾಮಾನ್ಯ ವಾಲ್ವ್ ಆದರೆ ಟಕಟಕ ಎನ್ನಬೇಕು. ಸದ್ದಿಲ್ಲದಿದ್ದರೆ ಬದಲಿಸಿ. ಸದ್ದು ಬಂದ ಮಾತ್ರಕ್ಕೆ ಎಲ್ಲವೂ ಸರಿಯಿದೆ ಎಂದಲ್ಲ. ಪೈಪ್ ಬಿರುಕು ಬಿಟ್ಟಿದೆಯೇ, ಒಳಗೆ ಕಟ್ಟಿಕೊಂಡಿದೆಯೇ ಎಂದೂ ನೋಡಿ. ಇವೆಲ್ಲ ಸರಿಯಿದ್ದೂ ಆಯಿಲ್ ತುಂಬುವ ಬಾಯಿಯಿಂದ ಹೊಗೆ ನುಗ್ಗುತ್ತಿದ್ದರೆ ರಿಂಗುಗಳು ಸವೆದಿರಬಹುದು. ಅಲ್ಲಿಗೆ ನಮ್ಮ ಕೆಲಸ ಮುಗಿಯಿತು, ಮೆಕ್ಯಾನಿಕ್ ಕೆಲಸ ಶುರುವಾಯಿತು. ಎಲ್ಲಿ ಕೈ ನಿಲ್ಲಿಸಬೇಕೆಂದು ತಿಳಿಯುವುದೂ ವಿದ್ಯೆಯೇ. ವಾರಂಟಿ ಇರುವ ಕಾರಿಗಂತೂ ಕೈ ಹಾಕಬೇಡಿ.

ಪೋಷಕರಲ್ಲಿ ಕೊನೆಯದಾಗಿ ಒಂದು ಮಾತು. ಎಂಟನೇ ತರಗತಿಗೇ ಶಾಲೆ ಬಿಟ್ಟು ಗ್ಯಾರೇಜು ಸೇರಿದ ಹುಡುಗನಿಗೆ ವಾಲ್ವ್ ಬಿಚ್ಚಲು ಬರುತ್ತದೆ, ಅದು ಯಾಕಿದೆ ಎಂದು ಯಾರೂ ಹೇಳಿಕೊಟ್ಟಿರುವುದಿಲ್ಲ. ವಿಜ್ಞಾನದಲ್ಲಿ ತೊಂಬತ್ತು ಅಂಕ ತೆಗೆದ ಮಗುವಿಗೆ ಒತ್ತಡದ ವ್ಯಾಖ್ಯೆ ಬಾಯಿಪಾಠ, ಆದರೆ ಕೈಯಲ್ಲಿ ಸ್ಪ್ಯಾನರ್ ಹಿಡಿದಿರುವುದಿಲ್ಲ. ಇಬ್ಬರದೂ ಅರ್ಧ ವಿದ್ಯೆ. ಮಕ್ಕಳ ಕೈಗೆ ಮಸಿ ಹತ್ತಿದರೆ ಬೈಯಬೇಡಿ. ಮಸಿ ಹತ್ತಿದ ಕೈಯಿಂದ ಪುಸ್ತಕ ಕಸಿಯಲೂ ಬೇಡಿ.