ಎದೆಯ ಬ್ಯಾಡ್ಜಿಗೆ ಕಾಣದ್ದು



ಕಾಣದ ವಿಷ ಎಂದರೇನು ಎಂದು ತುಮಕೂರು ಜಿಲ್ಲೆಯವರಿಗೆ ಹೇಳಿಕೊಡಬೇಕಿಲ್ಲ. ಪಾವಗಡದ ಬೋರ್‌ವೆಲ್ ನೀರು ಕಣ್ಣಿಗೆ ತಿಳಿಯಾಗಿಯೇ ಇತ್ತು. ಅದರಲ್ಲಿದ್ದ ಫ್ಲೋರೈಡ್ ಮಕ್ಕಳ ಹಲ್ಲಿನಲ್ಲಿ, ಹಿರಿಯರ ಬೆನ್ನು ಮಂಡಿಗಳಲ್ಲಿ ಮೂಡಿದ ಮೇಲೆ ಜನಕ್ಕೆ ಗೊತ್ತಾಯಿತು. ಇವತ್ತು ನಾನು ಹೇಳಹೊರಟಿರುವುದೂ ಕುಡಿಯುವ ನೀರಿನಿಂದಲೇ ಶುರುವಾಗುತ್ತದೆ.

2009ರ ನವೆಂಬರ್, ಕಾರವಾರ ತಾಲ್ಲೂಕಿನ ಕೈಗಾ ಅಣುವಿದ್ಯುತ್ ಸ್ಥಾವರ. ಕೆಲಸಗಾರರು ವಾಡಿಕೆಯಂತೆ ಕೊಟ್ಟ ಮೂತ್ರದ ಮಾದರಿಗಳಲ್ಲಿ ಕೆಲವುಗಳಲ್ಲಿ ಟ್ರಿಟಿಯಂ ಎಂಬ ವಿಕಿರಣಶೀಲ ಹೈಡ್ರೋಜನ್ ಇರಬೇಕಾದ್ದಕ್ಕಿಂತ ಹೆಚ್ಚಿತ್ತು. ಜಾಡು ಹಿಡಿದು ಹೋದವರಿಗೆ ಸಿಕ್ಕಿದ್ದು ಕುಡಿಯುವ ನೀರಿನ ಒಂದು ಕೂಲರ್. ಟ್ರಿಟಿಯಂ ಬೆರೆತ ಭಾರಜಲವನ್ನು ಯಾರೋ ಬೇಕೆಂದೇ ಅದಕ್ಕೆ ಸುರಿದಿದ್ದಾರೆ ಎಂದು ಅಧಿಕಾರಿಗಳೇ ಹೇಳಿದರು. 50ಕ್ಕೂ ಹೆಚ್ಚು ಜನರ ಮೈಗೆ ಅದು ಸೇರಿತ್ತು. ದಾಹಕ್ಕೆ ನೀರು ಕುಡಿದದ್ದು ಬಿಟ್ಟರೆ ಅವರು ಮಾಡಿದ್ದು ಏನೂ ಇಲ್ಲ.

ಅವರೆಲ್ಲರ ಎದೆಯ ಮೇಲೆ ವಿಕಿರಣ ಅಳೆಯುವ ಟಿಎಲ್‌ಡಿ ಬ್ಯಾಡ್ಜ್ ಇದ್ದೇ ಇರುತ್ತದೆ. ಅದು ಸುಳ್ಳು ಹೇಳುವುದಿಲ್ಲ, ಆದರೆ ಹೊರಗಿನಿಂದ ಬಂದು ಬಡಿಯುವ ಕಿರಣವನ್ನಷ್ಟೇ ಅಳೆಯುತ್ತದೆ. ಟ್ರಿಟಿಯಂನ ಬೀಟಾ ಕಿರಣ ಎಷ್ಟು ದುರ್ಬಲವೆಂದರೆ ಚರ್ಮದ ಮೇಲಿನ ಸತ್ತ ಪದರವನ್ನೂ ದಾಟಲಾರದು. ಹಾಗಾಗಿ ಹೊರಗಿದ್ದಾಗ ಅದರ ಭಯವಿಲ್ಲ. ನೀರಾಗಿಯೋ ಆವಿಯಾಗಿಯೋ ಒಳಗೆ ಹೋದರೆ ಮಾತ್ರ ಕೆಲವೇ ಗಂಟೆಗಳಲ್ಲಿ ಮೈಯ ನೀರಿನಲ್ಲೆಲ್ಲ ಬೆರೆಯುತ್ತದೆ. ಆಗ ಅದನ್ನು ತೋರಿಸಿಕೊಡುವುದು ಮೂತ್ರದ ಬಾಟಲಿ. ಸೀಸಿಯಂ, ಕೋಬಾಲ್ಟ್‌ನಂಥ ಗಾಮಾ ಸೂಸುವ ವಸ್ತುಗಳಾದರೆ ಇಡೀ ಮೈಯನ್ನು ಅಳೆಯುವ ಹೋಲ್ ಬಾಡಿ ಕೌಂಟರ್‌ನಲ್ಲಿ ಕೂರಿಸಿಯೋ ಮಲಗಿಸಿಯೋ ನೋಡುತ್ತಾರೆ. ಆಸ್ಪತ್ರೆಯಲ್ಲಿ ಅಯೋಡಿನ್-131 ಮುಟ್ಟುವವರಿಗೆ ಕುತ್ತಿಗೆಯ ಥೈರಾಯ್ಡ್ ಗ್ರಂಥಿಯ ಮುಂದೆ ಯಂತ್ರ ಹಿಡಿಯುತ್ತಾರೆ.

ಮೈಯೊಳಗೆ ಹೋದ ವಿಕಿರಣದ ಕತೆ ಹಳೆಯದು. ಈ ತುಮಕೂರಿನಲ್ಲಿ ವಾಚ್ ಕಾರ್ಖಾನೆ ನಡೆದಿದ್ದರಿಂದ ಡಯಲ್ ಎಂದರೇನೆಂದು ನಿಮಗೆ ಗೊತ್ತು. ನೂರು ವರ್ಷದ ಹಿಂದೆ ಅಮೆರಿಕದ ನ್ಯೂಜೆರ್ಸಿಯಲ್ಲಿ ಹುಡುಗಿಯರು ಡಯಲ್‌ಗಳಿಗೆ ರೇಡಿಯಂ ಬಣ್ಣ ಬಳಿಯುತ್ತಿದ್ದರು. ಕುಂಚದ ತುದಿ ಚೂಪಾಗಲೆಂದು ತುಟಿಗೆ ಇಟ್ಟುಕೊಳ್ಳುತ್ತಿದ್ದರು. ರೇಡಿಯಂ ಕ್ಯಾಲ್ಸಿಯಂನ ವೇಷದಲ್ಲಿ ಮೂಳೆ ಸೇರಿತು, ದವಡೆ ಕೊಳೆಯಿತು. ಬದುಕಿದವರ ಉಸಿರಿನಲ್ಲಿದ್ದ ರೇಡಾನ್ ಅಳೆದು ಮೈಯೊಳಗಿನ ರೇಡಿಯಂ ಲೆಕ್ಕ ಹಾಕುವುದನ್ನು ವಿಜ್ಞಾನಿಗಳು ಕಲಿತರು. 1941ರಲ್ಲಿ 0.1 ಮೈಕ್ರೋಗ್ರಾಂ ಎಂಬ ಮಿತಿ ಬಂತು. ಒಳಗಿನ ವಿಕಿರಣಕ್ಕೆ ಮನುಷ್ಯ ಹಾಕಿದ ಮೊದಲ ಗೆರೆಗಳಲ್ಲಿ ಒಂದು ಆ ಹುಡುಗಿಯರ ಮೂಳೆಯಿಂದ ಬಂದದ್ದು. ಇದನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ನಮ್ಮ ದೇಶದಲ್ಲಿ ವಿಕಿರಣದ ನಡುವೆ ಕೆಲಸ ಮಾಡುವವರಿಗೆ ಮಿತಿ ಯಾವುದೇ ಒಂದು ವರ್ಷಕ್ಕೆ 30 ಮಿಲಿಸೀವರ್ಟ್, ಐದು ವರ್ಷಕ್ಕೆ ಒಟ್ಟು 100. ಬ್ಯಾಡ್ಜಿನ ಲೆಕ್ಕಕ್ಕೆ ಬಾಟಲಿಯ ಲೆಕ್ಕವನ್ನೂ ಕೂಡಿಸಿಯೇ ಇದನ್ನು ನೋಡಬೇಕು.

ಗುಬ್ಬಿ, ಕುಣಿಗಲ್‌ನಿಂದ ಬಂದು ಹಿಂದಿನ ಸಾಲಿನಲ್ಲಿ ಕೂತಿರುವ ಐಟಿಐ ಮಕ್ಕಳಿಗೆ ಒಂದು ಮಾತು. ರೇಡಿಯಂ ಮೂಳೆಯಲ್ಲಿ ವರ್ಷಗಟ್ಟಲೆ ಕೂರುತ್ತದೆ. ಟ್ರಿಟಿಯಂ ಹಾಗಲ್ಲ, ಸುಮಾರು ಹತ್ತು ದಿನಕ್ಕೆ ಅರ್ಧ ಹೊರಹೋಗುತ್ತದೆ. ಹೆಚ್ಚು ನೀರು ಕುಡಿಸಿ, ಮೂತ್ರ ಹೆಚ್ಚಿಸುವ ಔಷಧಿ ಕೊಟ್ಟರೆ ಇನ್ನೂ ಬೇಗ. ಮೈಗೆ ಅದು ಒಳ್ಳೆಯದೇ. ಪರೀಕ್ಷೆಗೆ ಮಾತ್ರ ಕಷ್ಟ: ಒಂದು ತಿಂಗಳು ತಡವಾದರೆ ಬಾಟಲಿಯಲ್ಲಿ ಸಿಗುವುದು ಎಂಟರಲ್ಲಿ ಒಂದು ಪಾಲು. ನಾಳೆ ನೀವು ಅಣುಸ್ಥಾವರದಂಥ ಕಡೆ ಗುತ್ತಿಗೆ ಕೆಲಸಕ್ಕೆ ಹೋದರೆ, ಕೆಲಸ ಮುಗಿದ ದಿನ ಊರಿನ ಬಸ್ಸು ಹತ್ತುವ ಮೊದಲು ಕೊನೆಯ ಮಾದರಿ ಕೊಟ್ಟು, ಅದರ ಅಂಕಿಯನ್ನು ಕೇಳಿ ಬರೆಸಿಕೊಂಡೇ ಗೇಟು ದಾಟಿ.