ಒಂದೇ ಕಲ್ಲು, ಒಂದೇ ಹಗ್ಗ: ಸರದಿಯೂ ನೆರೆಯವರ ಹಕ್ಕು

(ಜುಮಾ ಖುತ್ಬಾದ ಸಾರಾಂಶ)

ಸರ್ವಸ್ತುತಿ ಅಲ್ಲಾಹನಿಗೆ. ಅವನ ಅಂತ್ಯ ಪ್ರವಾದಿ ಮುಹಮ್ಮದ್(ಸ)ರ ಮೇಲೂ ಅವರ ಕುಟುಂಬ ಮತ್ತು ಸಂಗಾತಿಗಳ ಮೇಲೂ ಅಲ್ಲಾಹನ ಕೃಪೆ, ಶಾಂತಿ ಇರಲಿ. ಅಲ್ಲಾಹನನ್ನು ಭಯಪಟ್ಟು ಬದುಕಬೇಕೆಂದು ಮೊದಲು ನನಗೂ ಬಳಿಕ ನಿಮಗೂ ಉಪದೇಶಿಸುತ್ತೇನೆ.

ಪ್ರಿಯ ಸಹೋದರರೇ,

ಮಳೆಗಾಲ ಶುರುವಾಗಿದೆ. ನಮ್ಮ ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆ ಒಗೆಯುವುದಕ್ಕಿಂತ ಒಣಗಿಸುವುದೇ ದೊಡ್ಡ ಕೆಲಸ. ಸ್ವಂತ ಅಂಗಳ, ಸ್ವಂತ ಬಾವಿ ಇದ್ದವರಿಗೆ ಇದರ ಕಷ್ಟ ಅಷ್ಟಾಗಿ ತಿಳಿಯದು. ಆದರೆ ನಮ್ಮಲ್ಲಿ ಬಹಳ ಮಂದಿ ಈಗ ಲೈನ್ ಮನೆಗಳಲ್ಲಿ, ಬಾಡಿಗೆ ಫ್ಲ್ಯಾಟ್‌ಗಳಲ್ಲಿ ಇದ್ದಾರೆ. ಐದಾರು ಮನೆಗೆ ಒಂದು ಒಗೆಯುವ ಕಲ್ಲು, ಒಂದು ನಳ್ಳಿ, ಶೀಟ್ ಹಾಕಿದ ಒಂದು ಟೆರೇಸ್, ಅದರಡಿ ನಾಲ್ಕು ಹಗ್ಗ. ಎಲ್ಲರೂ ಹಂಚಿಕೊಳ್ಳಬೇಕಾದ್ದು ಇಷ್ಟನ್ನೇ. ಗಲ್ಫಿನಲ್ಲಿರುವ ನಮ್ಮ ಮಕ್ಕಳು, ತಮ್ಮಂದಿರ ಸ್ಥಿತಿಯೂ ಬೇರೆಯಲ್ಲ. ಒಂದು ರೂಮಿನಲ್ಲಿ ಆರೆಂಟು ಜನ, ಎಲ್ಲರಿಗೂ ಸೇರಿ ಒಂದು ವಾಷಿಂಗ್ ಮೆಷಿನ್, ವಾರಕ್ಕೆ ಒಂದು ರಜೆ.

ನೆರೆಮನೆಯವರ ಜಗಳವೆಂದು ನಮ್ಮ ಮುಂದೆ ಬರುವ ಎಷ್ಟೋ ವಿಷಯಗಳ ಬುಡ ಕೆದಕಿದರೆ ಅಲ್ಲಿ ಕಾಣುವುದು ಇದೇ ಕಲ್ಲು, ಇದೇ ಹಗ್ಗ. ಒಬ್ಬರು ಬೆಳಿಗ್ಗೆ ಐದಕ್ಕೇ ಬಕೆಟ್ ಇಟ್ಟು ಕಲ್ಲನ್ನು ಹಿಡಿದಿಡುತ್ತಾರೆ, ಒಗೆಯಲು ಬರುವುದು ಒಂಬತ್ತಕ್ಕೆ. ಒಬ್ಬರ ಬಟ್ಟೆ ಒಣಗಿ ಎರಡು ದಿನವಾದರೂ ಹಗ್ಗದಿಂದ ಇಳಿಯುವುದಿಲ್ಲ. ಇನ್ನೊಬ್ಬರು ನಳ್ಳಿ ತೆರೆದಿಟ್ಟು ಫೋನಿನಲ್ಲಿ ಮಾತಾಡುತ್ತಾರೆ, ಮೇಲಿನ ಟ್ಯಾಂಕ್ ಖಾಲಿಯಾಗಿ ಮಧ್ಯಾಹ್ನ ಎಲ್ಲ ಮನೆಯಲ್ಲೂ ನೀರಿಲ್ಲ. ಮತ್ತೊಬ್ಬರು ಸಿಟ್ಟು ತಡೆಯಲಾರದೆ ಬೇರೆಯವರ ಬಟ್ಟೆಯನ್ನು ಎಳೆದು ನೆಲಕ್ಕೆ ಹಾಕುತ್ತಾರೆ. ಅಲ್ಲಿಂದ ಮಾತು ಬೆಳೆಯುತ್ತದೆ, ಸಲಾಮ್ ನಿಲ್ಲುತ್ತದೆ, ಮಕ್ಕಳು ಒಟ್ಟಿಗೆ ಆಡುವುದು ನಿಲ್ಲುತ್ತದೆ. ಕೊನೆಗೆ ಒಂದು ಕುಟುಂಬ ಮನೆ ಖಾಲಿ ಮಾಡುತ್ತದೆ.

ಇದನ್ನೆಲ್ಲ ಮಿಂಬರಿನಲ್ಲಿ ಹೇಳಬೇಕೇ ಎಂದು ಕೆಲವರಿಗೆ ಅನಿಸಬಹುದು. ಸೂರಃ ಅಲ್‌ಮಾಊನ್ ನಮಗೆಲ್ಲ ಬಾಯಿಪಾಠ. ನಮಾಝಿನ ವಿಷಯದಲ್ಲಿ ಅಲಕ್ಷ್ಯ ತೋರುವವರ ಬಗ್ಗೆ ಎಚ್ಚರಿಸಿದ ಅದೇ ಉಸಿರಿನಲ್ಲಿ ಆ ಸೂರಃ ನಿತ್ಯೋಪಯೋಗದ ಸಣ್ಣಪುಟ್ಟ ವಸ್ತುಗಳನ್ನು ಪರರಿಗೆ ಕೊಡದೆ ತಡೆಯುವವರನ್ನೂ ಎಚ್ಚರಿಸುತ್ತದೆ. ಮಡಕೆ, ಕೊಡಲಿ, ಬಕೆಟ್ ಮುಂತಾದವು ಅದರಲ್ಲಿ ಬರುತ್ತವೆಂದು ವ್ಯಾಖ್ಯಾನಕಾರರು ವಿವರಿಸಿದ್ದಾರೆ. ನಮ್ಮ ಸ್ವಂತ ಬಕೆಟ್ಟನ್ನು ಕೊಡದಿರುವುದೇ ಇಷ್ಟು ಗಂಭೀರವಾದರೆ, ಎಲ್ಲರಿಗೂ ಸೇರಿದ ಕಲ್ಲನ್ನು ತಡೆದಿಡುವುದು ಎಷ್ಟು ಗಂಭೀರ?

ಸೂರಃ ಅನ್ನಿಸಾದ 36ನೇ ಸೂಕ್ತ ಅಲ್ಲಾಹನ ಆರಾಧನೆಯ ಆಜ್ಞೆಯ ಜೊತೆಗೇ ತಂದೆತಾಯಿ, ಸಂಬಂಧಿಕರು, ಅನಾಥರು, ಬಡವರು ಎಂದು ಹೇಳುತ್ತಾ ಸಂಬಂಧವಿರುವ ನೆರೆಯವನನ್ನೂ ಸಂಬಂಧವಿಲ್ಲದ ನೆರೆಯವನನ್ನೂ ಹೆಸರಿಸುತ್ತದೆ. ಅಷ್ಟಕ್ಕೇ ನಿಲ್ಲದೆ, ಪಕ್ಕದಲ್ಲಿರುವ ಸಂಗಾತಿಯನ್ನೂ ಹೇಳುತ್ತದೆ. ಪ್ರಯಾಣದಲ್ಲಿ, ಕೆಲಸದಲ್ಲಿ ಸ್ವಲ್ಪ ಕಾಲ ನಮ್ಮ ಜೊತೆಯಾಗುವವರೂ ಇದರಲ್ಲಿ ಸೇರುತ್ತಾರೆಂದು ವಿದ್ವಾಂಸರು ಹೇಳುತ್ತಾರೆ. ಹಾಗಾದರೆ ದುಬೈಯ ರೂಮಿನಲ್ಲಿ ಪಕ್ಕದ ಮಂಚದಲ್ಲಿ ಮಲಗುವವನಿಗೂ ನಮ್ಮ ಮೇಲೆ ಹಕ್ಕಿದೆ. ನೆರೆಯವರ ವಿಷಯದಲ್ಲಿ ಜಿಬ್ರೀಲ್(ಅ) ಎಷ್ಟು ಒತ್ತಿ ಒತ್ತಿ ಉಪದೇಶಿಸಿದರೆಂದರೆ, ನೆರೆಯವರನ್ನು ವಾರಸುದಾರರನ್ನಾಗಿಯೇ ಮಾಡಿಬಿಡುವರೇನೋ ಎಂದು ಪ್ರವಾದಿವರ್ಯರಿಗೆ(ಸ) ಅನಿಸಿತ್ತು. ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಈ ಹದೀಸ್ ಇದೆ.

ಸಹೋದರರೇ, ಸರದಿ ಎಂಬುದು ಸಣ್ಣ ವಿಷಯವಲ್ಲ. ಸಮೂದ್ ಜನಾಂಗದ ಪರೀಕ್ಷೆ ನಡೆದದ್ದೇ ನೀರಿನ ಸರದಿಯ ಮೇಲೆ. ಒಂದು ದಿನ ಒಂಟೆಗೆ ನೀರು, ಒಂದು ದಿನ ಊರಿನವರಿಗೆ ಎಂದು ಪ್ರವಾದಿ ಸ್ವಾಲಿಹ್(ಅ)ರ ಮೂಲಕ ಅಲ್ಲಾಹನು ಗೊತ್ತುಪಡಿಸಿದ. ಸೂರಃ ಅಶ್ಶುಅರಾ ಮತ್ತು ಅಲ್‌ಕಮರ್‌ನಲ್ಲಿ ಇದರ ವಿವರವಿದೆ. ಒಂದು ಮೂಕಪ್ರಾಣಿಯ ಸರದಿಯನ್ನು ಅವರಿಂದ ಸಹಿಸಲಾಗಲಿಲ್ಲ. ಅದನ್ನು ಕೊಂದರು, ತಾವೂ ನಾಶವಾದರು.

ಇನ್ನು ಪ್ರವಾದಿವರ್ಯರ(ಸ) ಕಾಲದ ಒಂದು ಘಟನೆ ಕೇಳಿ. ಮದೀನಾದ ಹರ್ರಾ ಎಂಬಲ್ಲಿ ಹರಿಯುತ್ತಿದ್ದ ಕಾಲುವೆಯ ನೀರಿನ ವಿಷಯದಲ್ಲಿ ಝುಬೈರ್(ರ) ಮತ್ತು ಒಬ್ಬ ಅನ್ಸಾರಿಯ ನಡುವೆ ತಕರಾರಾಯಿತು. ಝುಬೈರ್‌ರ ತೋಟ ಮೇಲ್ಗಡೆ, ಆ ಅನ್ಸಾರಿಯದ್ದು ಕೆಳಗಡೆ. ನೀರನ್ನು ತಡೆಯದೆ ಬಿಡಬೇಕೆಂದು ಅವರು ಪಟ್ಟು ಹಿಡಿದರು. ವಿಷಯ ಪ್ರವಾದಿವರ್ಯರ(ಸ) ಮುಂದೆ ಬಂದಾಗ, ನಿನ್ನ ತೋಟಕ್ಕೆ ನೀರು ಹಾಯಿಸಿ ಬಳಿಕ ನೆರೆಯವನಿಗೆ ಬಿಟ್ಟುಬಿಡು ಎಂದು ಝುಬೈರ್‌ರಿಗೆ ಹೇಳಿದರು. ಅನ್ಸಾರಿಗೆ ಸಿಟ್ಟು ಬಂತು. ಝುಬೈರ್ ತಮ್ಮ ಸೋದರತ್ತೆಯ ಮಗನೆಂದು ಹೀಗೆ ಹೇಳಿದಿರಿ ಎಂದುಬಿಟ್ಟರು. ಪ್ರವಾದಿವರ್ಯರ(ಸ) ಮುಖದ ಬಣ್ಣ ಬದಲಾಯಿತು. ಆಗ ಅವರು, ನೀರು ತೋಟದ ಬದುವಿನವರೆಗೆ ತುಂಬುವ ತನಕ ತಡೆದು ಬಳಿಕ ಬಿಡುವಂತೆ ಝುಬೈರ್‌ರಿಗೆ ಆದೇಶಿಸಿದರು. ಇದೂ ಬುಖಾರಿ, ಮುಸ್ಲಿಮ್‌ನಲ್ಲಿದೆ.

ಇಲ್ಲಿ ಎರಡು ತೀರ್ಪುಗಳಿವೆ, ಗಮನಿಸಿ. ಝುಬೈರ್‌ರಿಗಿದ್ದ ಪೂರ್ತಿ ಹಕ್ಕು ಎರಡನೆಯದು. ಮೊದಲನೆಯದು ಆ ಹಕ್ಕಿಗಿಂತ ಕಡಿಮೆ, ಇಬ್ಬರಿಗೂ ಅನುಕೂಲವಾದ ಸೌಜನ್ಯದ ದಾರಿ. ಪ್ರವಾದಿವರ್ಯರು(ಸ) ಮೊದಲು ತೋರಿಸಿದ್ದು ಸೌಜನ್ಯದ ದಾರಿಯನ್ನು. ನಾವು ಕಲಿಯಬೇಕಾದ ಪಾಠ ಇದೇ. ಕಲ್ಲಿನ ಬಳಿ ಮೊದಲು ಬಂದವರಿಗೆ ಮೊದಲ ಹಕ್ಕಿದೆ, ಒಪ್ಪೋಣ. ಆದರೆ ನಮ್ಮ ಕೆಲಸ ಮುಗಿದ ಕ್ಷಣವೇ ಆ ಜಾಗ ಮುಂದಿನವರದು. ಮತ್ತು ಕೆಳಗಿನವರು ಕಾಯುತ್ತಿದ್ದಾರೆ ಎಂದು ಗೊತ್ತಿದ್ದಾಗ, ಹಕ್ಕಿನ ಬದು ತುಂಬುವ ತನಕ ಕಾಯದೆ ಸ್ವಲ್ಪ ಮೊದಲೇ ಬಿಟ್ಟುಕೊಡುವುದು ಪ್ರವಾದಿವರ್ಯರು(ಸ) ಮೊದಲು ಹೇಳಿದ ಮಾತಿಗೆ ಹತ್ತಿರ. ಹಾಗೆಯೇ ಬಿಟ್ಟುಕೊಟ್ಟವರ ಮೇಲೆ ಅನುಮಾನ ಪಟ್ಟು ಮಾತಾಡಿದರೆ ಕೊನೆಗೆ ನಷ್ಟವಾಗುವುದು ನಮಗೇ.

ನಮ್ಮ ಮನೆಯೊಳಗೆ ನಾವು ಏನು ಮಾಡಿದರೂ ಕೇಳುವವರು ಯಾರು ಎಂದು ಕೆಲವರು ಹೇಳುವುದುಂಟು. ಅವರು ಹಡಗಿನ ಉಪಮೆಯನ್ನು ನೆನಪಿಸಿಕೊಳ್ಳಲಿ. ಒಂದು ಹಡಗಿನಲ್ಲಿ ಚೀಟಿ ಎತ್ತಿ ಕೆಲವರು ಮೇಲಿನ ಅಂತಸ್ತಿನಲ್ಲಿ, ಕೆಲವರು ಕೆಳಗಿನ ಅಂತಸ್ತಿನಲ್ಲಿ ಇದ್ದರು. ಕೆಳಗಿನವರು ನೀರಿಗೆ ಮೇಲೆ ಹೋಗಬೇಕಿತ್ತು. ಮೇಲಿನವರಿಗೆ ತೊಂದರೆ ಬೇಡ, ನಮ್ಮ ಪಾಲಿನ ಜಾಗದಲ್ಲೇ ಒಂದು ತೂತು ಕೊರೆಯೋಣ ಎಂದು ಅವರು ಯೋಚಿಸಿದರು. ಅವರನ್ನು ಬಿಟ್ಟರೆ ಎಲ್ಲರೂ ಮುಳುಗುತ್ತಾರೆ, ಕೈ ಹಿಡಿದು ತಡೆದರೆ ಎಲ್ಲರೂ ಉಳಿಯುತ್ತಾರೆ ಎಂದು ಪ್ರವಾದಿವರ್ಯರು(ಸ) ತಿಳಿಸಿದರು. ನಮ್ಮ ಕಟ್ಟಡಗಳೂ ಹಾಗೆಯೇ. ಒಂದು ಮನೆಯ ನಳ್ಳಿ ತೆರೆದಿದ್ದರೆ ಬತ್ತುವುದು ಎಲ್ಲರ ಟ್ಯಾಂಕ್. ಒಬ್ಬರು ಕಲ್ಲಿನ ಬುಡದ ಜಾಲರಿಯಲ್ಲಿ ಕೂದಲು, ಸೋಪಿನ ಕವರ್ ಬಿಟ್ಟು ಹೋದರೆ ಕೊಳಕು ನೀರು ಕಟ್ಟುವುದು ಕೆಳಗಿನ ಮನೆಯವರ ಬಾಗಿಲಲ್ಲಿ. 2019 ಮತ್ತು 2023ರ ಬೇಸಿಗೆಯಲ್ಲಿ ತುಂಬೆ ಅಣೆಕಟ್ಟೆಯ ನೀರು ಇಳಿದು ಮಂಗಳೂರಿಗೆ ಸರದಿಯ ಲೆಕ್ಕದಲ್ಲಿ ನೀರು ಬಂದದ್ದನ್ನು ನಾವು ಕಂಡಿದ್ದೇವೆ. ಎರಡು ಬೊಗಸೆಯಷ್ಟು ನೀರಿನಲ್ಲಿ ವುಝೂ ಮಾಡಿದ ಪ್ರವಾದಿಯ(ಸ) ಅನುಯಾಯಿಗಳು ನಾವು. ಮಳೆ ಸುರಿಯುವಾಗ ಈ ಮಾತು ಮರೆತುಹೋಗದಿರಲಿ.

ಇದು ಹೆಂಗಸರ ಜಗಳ, ನಮಗೇನು ಸಂಬಂಧ ಎಂದು ಪುರುಷರು ಜಾರಿಕೊಳ್ಳುವಂತಿಲ್ಲ. ಪ್ರವಾದಿವರ್ಯರು(ಸ) ಮನೆಯಲ್ಲಿ ಮನೆಯವರ ಕೆಲಸದಲ್ಲಿ ನೆರವಾಗುತ್ತಿದ್ದರು, ನಮಾಝಿನ ಹೊತ್ತಾದಾಗ ಹೊರಡುತ್ತಿದ್ದರು ಎಂದು ಆಯಿಷಾ(ರ) ಹೇಳಿದ್ದಾರೆ. ಮನೆಯ ಬಟ್ಟೆಯ ಗಂಟನ್ನು ಟೆರೇಸಿಗೆ ಹೊತ್ತೊಯ್ಯುವುದು, ಒಣಗಿದ್ದನ್ನು ಸಮಯಕ್ಕೆ ಇಳಿಸಿ ತರುವುದು ನಮ್ಮ ಕೈಯಿಂದಲೂ ಆಗುವ ಕೆಲಸ. ಅಷ್ಟು ಮಾಡಿದರೇ ಅರ್ಧ ತಕರಾರು ಮುಗಿಯುತ್ತದೆ.

ಹಗ್ಗದ ಮೇಲಿನ ಬಟ್ಟೆ ಪರರ ಸೊತ್ತು. ಜಾಗ ಬೇಕಾದರೆ ಮೊದಲು ಕರೆದು ಹೇಳಿ. ಅವರು ಇಲ್ಲದಿದ್ದರೆ, ಮಳೆ ಬಂದು ನೆನೆಯುವಂತಿದ್ದರೆ, ಶುದ್ಧವಾದ ಬಕೆಟ್ಟಿಗೋ ಬುಟ್ಟಿಗೋ ತೆಗೆದಿಡಿ. ನೆಲಕ್ಕೆ ಹಾಕಬೇಡಿ. ಪಾರಿವಾಳ, ಬೆಕ್ಕು ಹೊಲಸು ಮಾಡಿದ ಜಾಗಕ್ಕೆ ಬಿದ್ದ ಬಟ್ಟೆಯಲ್ಲಿ ನಮಾಝ್ ಮಾಡಬೇಕಾದವರ ಪಾಡು ನಿಮಗೆ ತಿಳಿದದ್ದೇ. ಹಿಂದೂ ಸಹೋದರರ ಮನೆಯವರು ಪೂಜೆಯ ಮಡಿ ಬಟ್ಟೆಯನ್ನು ಬೇರೆಯಾಗಿ ಒಣಗಿಸುತ್ತಾರೆ. ಅದನ್ನು ಮುಟ್ಟದೆ ಬಿಡುವುದು, ಸಾಧ್ಯವಾದರೆ ಅದಕ್ಕೆ ಒಂದು ಬದಿಯ ಹಗ್ಗ ಬಿಟ್ಟುಕೊಡುವುದು ನೆರೆಯವನ ಹಕ್ಕಿನ ಭಾಗ. ಅಬ್ದುಲ್ಲಾಹ್ ಬಿನ್ ಅಮ್ರ್(ರ) ಮನೆಯಲ್ಲಿ ಕುರಿ ಕೊಯ್ದಾಗ, ನಮ್ಮ ಯಹೂದಿ ನೆರೆಯವರಿಗೆ ಕೊಟ್ಟಿರಾ ಎಂದು ಮತ್ತೆ ಕೇಳಿದ್ದರು. ಮಾಂಸದ ಪಾಲು ಸಲ್ಲಬೇಕಾದವರಿಗೆ ಹಗ್ಗದ ಪಾಲು ಸಲ್ಲದೇ?

ಈಗ ತೊಂದರೆ ಅನುಭವಿಸುವವರಿಗೆ ಎರಡು ಮಾತು. ಒಬ್ಬರು ತಮ್ಮ ನೆರೆಯವನ ಕಾಟವನ್ನು ಪ್ರವಾದಿವರ್ಯರ(ಸ) ಬಳಿ ಹೇಳಿಕೊಂಡರು. ತಾಳ್ಮೆ ವಹಿಸು ಎಂದು ಅವರು ಮತ್ತೆ ಮತ್ತೆ ಕಳುಹಿಸಿದರು. ಕೊನೆಗೆ, ಮನೆಯ ಸಾಮಾನನ್ನು ದಾರಿಗೆ ತಂದಿಡಲು ಹೇಳಿದರು. ದಾರಿಹೋಕರು ಕಾರಣ ಕೇಳಿ, ಆ ನೆರೆಯವನನ್ನು ಛೀಮಾರಿ ಹಾಕಿದರು. ಅವನೇ ಓಡಿಬಂದು, ಒಳಗೆ ಹೋಗು, ಇನ್ನು ನನ್ನಿಂದ ನಿನಗೆ ಬೇಸರವಾಗದು ಎಂದು ಬೇಡಿಕೊಂಡ. ಅಬೂದಾವೂದ್‌ನಲ್ಲಿ ಈ ಘಟನೆ ಇದೆ. ಮೊದಲು ತಾಳ್ಮೆ, ಒಂದು ಸಲವಲ್ಲ, ಹಲವು ಸಲ. ಬಳಿಕ ಮುಖಾಮುಖಿ ಮೆದುವಾದ ಮಾತು. ಆಮೇಲೆ ಮನೆಯ ಮಾಲಕರು, ಅಸೋಸಿಯೇಷನ್, ಇಲ್ಲವೇ ಇಬ್ಬರಿಗೂ ಬೇಕಾದ ಒಬ್ಬ ಹಿರಿಯರು. ಅನ್ಯಾಯವನ್ನು ಸಹಿಸುತ್ತಲೇ ಇರಬೇಕೆಂದು ಇಸ್ಲಾಮ್ ಹೇಳುವುದಿಲ್ಲ. ಆದರೆ ಮೊದಲ ಹೆಜ್ಜೆಯಲ್ಲೇ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಫೋಟೋ ಹಾಕಿ ಮಾನ ಕಳೆಯುವುದು ತಾಳ್ಮೆಯೂ ಅಲ್ಲ, ನ್ಯಾಯವೂ ಅಲ್ಲ. ಮುಸ್ಲಿಮನು ತನ್ನ ಸಹೋದರನೊಂದಿಗೆ ಮೂರು ದಿನಕ್ಕಿಂತ ಹೆಚ್ಚು ಮಾತು ಬಿಡುವಂತಿಲ್ಲ, ಇಬ್ಬರಲ್ಲಿ ಮೊದಲು ಸಲಾಮ್ ಹೇಳುವವನೇ ಉತ್ತಮ ಎಂಬುದನ್ನೂ ಮರೆಯಬೇಡಿ.

ಈ ವಾರವೇ ನಿಮ್ಮ ಕಟ್ಟಡದಲ್ಲಿ ಕುಳಿತು ಮಾತಾಡಿ. ಯಾವ ಮನೆಗೆ ಯಾವ ದಿನ, ಯಾವ ಹೊತ್ತು ಎಂದು ಬರೆದು ಗೋಡೆಗೆ ಅಂಟಿಸಿ. ಹಸುಗೂಸು ಇರುವ ಮನೆ, ಹಾಸಿಗೆ ಹಿಡಿದ ರೋಗಿ ಇರುವ ಮನೆಗೆ ಸರದಿ ನೋಡದೆ ಅವಕಾಶ ಕೊಡಿ. ಬೆಳಿಗ್ಗೆ ಕೆಲಸಕ್ಕೆ ಹೋಗಿ ಸಂಜೆ ಬರುವವರಿಗೆ ಸಂಜೆಯ ಹೊತ್ತು ಉಳಿಸಿ. ಮಳೆಗಾಲದಲ್ಲಿ ಒಂದು ಮನೆಗೆ ಒಂದು ಹಗ್ಗ, ಬೆಡ್‌ಶೀಟ್, ಕಂಬಳಿಗೆ ಬೇರೆ ದಿನ. ಒಗೆದವರು ಕಲ್ಲಿಗೆ ನೀರು ಹಾಕಿ, ಜಾಲರಿ ತೆಗೆದು ಸ್ವಚ್ಛಗೊಳಿಸಿಯೇ ಹೋಗಲಿ. ಮೆಷಿನ್ ಹಂಚಿಕೊಳ್ಳುವವರು ಬಟ್ಟೆ ಹಾಕಿದ ಹೊತ್ತಿಗೇ ಮೊಬೈಲಿನಲ್ಲಿ ಅಲಾರಂ ಇಡಲಿ. ಮುಗಿದ ಮೇಲೂ ಬಟ್ಟೆಯನ್ನು ಅದರಲ್ಲೇ ಬಿಟ್ಟು ಮಲಗುವವನು ಇನ್ನೊಬ್ಬನ ರಜೆಯ ದಿನವನ್ನೇ ಕಿತ್ತುಕೊಳ್ಳುತ್ತಾನೆ. ವಾರಕ್ಕೆ ಅವನಿಗಿರುವುದು ಒಂದೇ ರಜೆ.

ಒಬ್ಬಳು ಮಹಿಳೆ ಬಹಳ ನಮಾಝ್, ಉಪವಾಸ, ದಾನಧರ್ಮಕ್ಕೆ ಹೆಸರಾಗಿದ್ದಳು. ಆದರೆ ನಾಲಗೆಯಿಂದ ನೆರೆಯವರಿಗೆ ಕಾಟ ಕೊಡುತ್ತಿದ್ದಳು. ಆಕೆ ನರಕದವಳು ಎಂದರು ಪ್ರವಾದಿವರ್ಯರು(ಸ). ಇನ್ನೊಬ್ಬಳ ಐಚ್ಛಿಕ ಆರಾಧನೆ ಕಡಿಮೆ, ದಾನವೂ ಒಣಗಿಸಿದ ಮೊಸರಿನ ಕೆಲವು ತುಂಡುಗಳಷ್ಟೇ. ಆದರೆ ಆಕೆಯಿಂದ ನೆರೆಯವರಿಗೆ ತೊಂದರೆ ಇರಲಿಲ್ಲ. ಆಕೆ ಸ್ವರ್ಗದವಳು ಎಂದರು. ನಮಾಝ್, ಉಪವಾಸ, ಝಕಾತ್ ಹೊತ್ತು ಬಂದರೂ ಜನರ ಹಕ್ಕು ಕಿತ್ತುಕೊಂಡವನ ಪುಣ್ಯವನ್ನು ಪರಲೋಕದಲ್ಲಿ ಹಕ್ಕುದಾರರಿಗೆ ಹಂಚಲಾಗುವುದು, ಅವನೇ ನಿಜವಾದ ದಿವಾಳಿ ಎಂದೂ ಅವರು ಎಚ್ಚರಿಸಿದ್ದಾರೆ.

ನಿಮ್ಮ ಉಡುಪನ್ನು ಶುದ್ಧವಾಗಿಡಬೇಕೆಂದು ಸೂರಃ ಅಲ್‌ಮುದ್ದಸ್ಸಿರ್‌ನಲ್ಲಿ ಅಲ್ಲಾಹನು ಆಜ್ಞಾಪಿಸಿದ್ದಾನೆ. ಇಂದು ಜುಮಾಕ್ಕೆಂದು ನಾವೆಲ್ಲ ಒಗೆದ ಬಿಳಿ ಬಟ್ಟೆ ತೊಟ್ಟು ಬಂದಿದ್ದೇವೆ. ಇದನ್ನು ಒಗೆಯುವಾಗ ಪಕ್ಕದ ಮನೆಯವರ ಸರದಿ, ಪಕ್ಕದ ಮನೆಯವರ ನೀರು ನಮ್ಮ ಪಾಲಿಗೆ ಬಂದಿದೆಯೇ ಎಂದು ಪ್ರತಿಯೊಬ್ಬರೂ ಮನಸ್ಸಿನಲ್ಲೇ ಕೇಳಿಕೊಳ್ಳಿ. ಬಂದಿದ್ದರೆ, ಮನೆಗೆ ಹೋಗುವ ದಾರಿಯಲ್ಲೇ ಅವರ ಬಾಗಿಲು ತಟ್ಟಿ ಕ್ಷಮೆ ಕೇಳಿ. ಇಲ್ಲಿ ಮುಗಿಸಿಕೊಂಡ ಲೆಕ್ಕವನ್ನು ಅಲ್ಲಿ ಕೊಡಬೇಕಾಗಿಲ್ಲ.

ಅಲ್ಲಾಹನೇ, ನಮ್ಮ ಉಡುಪಿನಂತೆ ನಮ್ಮ ಹೃದಯಗಳನ್ನೂ ಶುದ್ಧಗೊಳಿಸು. ನಮ್ಮ ಕೈಯಿಂದಲೂ ನಾಲಗೆಯಿಂದಲೂ ನೆರೆಯವರು ನಿರ್ಭಯರಾಗಿರುವಂತೆ ಮಾಡು. ಮಾತು ಬಿಟ್ಟ ಮನೆಗಳ ನಡುವೆ ಪ್ರೀತಿಯನ್ನು ಮರಳಿಸು. ಪರದೇಶದಲ್ಲಿ ದುಡಿಯುವ ನಮ್ಮವರಿಗೆ ಒಳ್ಳೆಯ ಸಂಗಾತಿಗಳನ್ನು ಕರುಣಿಸು. ಆಮೀನ್.