ನಿಂತ ರೈಫಲ್ ನುಡಿಯುವ ಸಾಕ್ಷ್ಯ

ವರ್ಕ್‌ಶಾಪಿನ ಬೆಂಚಿನ ಮುಂದೆ ಆಯುಷ್ಯದ ಬಹುಭಾಗ ಕಳೆದ ಪೊಲೀಸ್ ಆರ್ಮರರ್ (ಶಸ್ತ್ರ ದುರಸ್ತಿಗಾರ) ಒಬ್ಬನನ್ನು ಈ ವಿಚಾರ ಸಂಕಿರಣದ ಆಶಯ ಭಾಷಣಕ್ಕೆ ಕರೆದಿದ್ದೀರಿ. ಇದು ನನ್ನೊಬ್ಬನಿಗೆ ಸಂದ ಗೌರವವಲ್ಲ, ನಮ್ಮ ಕೆಲಸಕ್ಕೆ ಸಂದದ್ದು ಎಂದೇ ತಿಳಿದು ಸ್ವೀಕರಿಸಿದ್ದೇನೆ.

ಬಹಳ ಕಾಲದಿಂದ ಮನಸ್ಸಿನಲ್ಲಿರುವ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಫೈರಿಂಗ್ ನಡುವೆ ರೈಫಲ್ ನಿಂತಾಗ ಏನು ಮಾಡಬೇಕೆಂದು ನಮ್ಮ ಸಿಬ್ಬಂದಿಗೆ ಚೆನ್ನಾಗಿ ಕಲಿಸಿದ್ದೇವೆ. ಕಾಕ್ ಮಾಡು, ಚೇಂಬರ್ ನೋಡು, ಅಡ್ಡಿ ತೆಗೆ, ಮುಂದುವರಿ. ಎದುರಿಗೆ ಶತ್ರು ಇದ್ದಾಗ ಈ ಡ್ರಿಲ್ ಜೀವ ಉಳಿಸುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಹೋರಾಟದ ಕಣದ ಈ ಡ್ರಿಲ್ಲನ್ನೇ ನಾವು ಫೈರಿಂಗ್ ಅಭ್ಯಾಸದ ರೇಂಜಿಗೂ ತಂದೆವು, ರೇಂಜಿನಿಂದ ವರ್ಕ್‌ಶಾಪಿಗೂ ತಂದೆವು. ನಮ್ಮ ವೃತ್ತಿ ದಾರಿ ತಪ್ಪಿದ್ದು ಅಲ್ಲಿಯೇ. ಸಿಕ್ಕಿಕೊಂಡ ರೌಂಡು, ಅರ್ಧ ಮುಚ್ಚಿದ ಬೋಲ್ಟು, ಹೊರಸಿಡಿಯುವ ಕಿಂಡಿಯಲ್ಲೇ ನಿಂತ ಖಾಲಿ ಕೇಸು, ಇವೆಲ್ಲ ಸಾಕ್ಷ್ಯ. ಅದನ್ನು ಕಿತ್ತೆಸೆದು, ರೈಫಲ್ ಒರೆಸಿ ಎಣ್ಣೆ ಹಾಕಿ, ಪುಸ್ತಕದಲ್ಲಿ "ಸ್ವಚ್ಛತೆ ಸಾಲದು" ಎಂದು ಬರೆದು ಕೈತೊಳೆದುಕೊಳ್ಳುತ್ತೇವೆ.

ರೈಫಲ್ಲಿನ ಚಕ್ರ ನಿಮಗೆಲ್ಲ ಗೊತ್ತಿರುವುದೇ. ಮ್ಯಾಗಜಿನ್ನಿನಿಂದ ರೌಂಡು ಮೇಲೇರಬೇಕು, ಚೇಂಬರ್ ಸೇರಬೇಕು, ಬೋಲ್ಟ್ ಲಾಕ್ ಆಗಬೇಕು, ಗುಂಡು ಹಾರಬೇಕು. ಆಮೇಲೆ ಬೋಲ್ಟ್ ಅನ್‌ಲಾಕ್ ಆಗಬೇಕು, ಖಾಲಿ ಕೇಸು ಚೇಂಬರಿನಿಂದ ಹೊರಬರಬೇಕು, ಅದು ಹೊರಗೆ ಸಿಡಿಯಬೇಕು, ಹ್ಯಾಮರ್ ಮತ್ತೆ ಕಾಕ್ ಆಗಬೇಕು. ಒಟ್ಟು ಎಂಟು ಹೆಜ್ಜೆ. ಈ ಹೆಜ್ಜೆಗಳ ಚಲನೆಯ ಗಣಿತ, ಸ್ಪ್ರಿಂಗುಗಳ ಲೋಹ, ಮದ್ದಿನ ರಸಾಯನ, ಇವುಗಳ ಬಗ್ಗೆ ಮುಂದಿನ ಸಾಲಿನಲ್ಲಿ ಕುಳಿತಿರುವ ಪ್ರಾಧ್ಯಾಪಕರು ಮಧ್ಯಾಹ್ನದ ಗೋಷ್ಠಿಯಲ್ಲಿ ನನಗಿಂತ ಅಧಿಕಾರದಿಂದ ಮಾತನಾಡಲಿದ್ದಾರೆ. ಅವರ ವಿಷಯವನ್ನು ಅವರಿಗೇ ಬಿಟ್ಟು, ನಾನು ರೋಗಲಕ್ಷಣ ಓದುವ ವಿದ್ಯೆಗೆ ಬರುತ್ತೇನೆ.

ನಮ್ಮ ಕೋತ್‌ಗಳ, ಅಂದರೆ ಶಸ್ತ್ರಾಗಾರಗಳ, ಹಳೆಯ ಒಡನಾಡಿ 7.62 ಎಂಎಂ ಎಸ್‌ಎಲ್‌ಆರ್ (ಸೆಲ್ಫ್ ಲೋಡಿಂಗ್ ರೈಫಲ್) ಅನ್ನೇ ತೆಗೆದುಕೊಳ್ಳಿ. ಟ್ರಿಗರ್ ಎಳೆದರೆ ಬರೀ ಟಿಕ್ ಎಂದಿತು. ಬೋಲ್ಟ್ ಮುಚ್ಚಿದೆ, ಚೇಂಬರ್ ಖಾಲಿ, ಮ್ಯಾಗಜಿನ್ನಿನಲ್ಲಿ ರೌಂಡುಗಳಿವೆ. ಇದಕ್ಕೆ ಎರಡು ಕಾರಣ ಇರಬಹುದು. ಬೋಲ್ಟನ್ನು ಹಿಂದಕ್ಕೆ ತಳ್ಳುವ ಗ್ಯಾಸ್ ಕಡಿಮೆಯಾದರೆ ಬೋಲ್ಟ್ ಪೂರ್ತಿ ಹಿಂದಕ್ಕೆ ಹೋಗುವುದಿಲ್ಲ, ಮುಂದಿನ ರೌಂಡಿನ ಬೆನ್ನು ಹಿಡಿಯುವಷ್ಟು ಸರಿಯದೆ ಮರಳುತ್ತದೆ. ಗ್ಯಾಸ್ ಅತಿಯಾದರೆ, ಹತ್ತುವವರು ಮೆಟ್ಟಿಲಿಗೆ ಕಾಲಿಡುವ ಮೊದಲೇ ಹೊರಟ ಬಸ್ಸಿನಂತೆ, ರೌಂಡು ಮೇಲೇಳುವ ಮೊದಲೇ ಬೋಲ್ಟ್ ಮುಂದೆ ಹೋಗಿಬಿಡುತ್ತದೆ. ಲಕ್ಷಣ ಒಂದೇ, ಕಾರಣಗಳು ಒಂದಕ್ಕೊಂದು ವಿರುದ್ಧ. ಎಸ್‌ಎಲ್‌ಆರ್‌ನ ಗ್ಯಾಸ್ ರೆಗ್ಯುಲೇಟರಿನ ಹೊರಬಿಡುವ ತೂತು ಮುಚ್ಚಿದಷ್ಟೂ ಪಿಸ್ಟನ್ನಿಗೆ ಹೆಚ್ಚು ಗ್ಯಾಸ್ ಸಿಗುತ್ತದೆ. ರೈಫಲ್ ನಿಂತ ಕೂಡಲೇ ರೆಗ್ಯುಲೇಟರ್ ಬಿಗಿಯುವ ಅಭ್ಯಾಸ ನಮ್ಮಲ್ಲಿ ಅನೇಕರಿಗಿದೆ. ಮೊದಲನೆಯ ಕಾರಣಕ್ಕೆ ಅದು ಔಷಧಿ, ಎರಡನೆಯದಕ್ಕೆ ವಿಷ. ರೈಫಲ್ ಅಂದಿಗೆ ಓಡಿದರೂ ಬೋಲ್ಟು, ಖಾಲಿ ಕೇಸು ಎಳೆಯುವ ಎಕ್ಸ್‌ಟ್ರ್ಯಾಕ್ಟರುಗಳು ಪೆಟ್ಟು ತಿನ್ನುತ್ತಲೇ ಇರುತ್ತವೆ, ಮೂಲ ದೋಷ ಇನ್ನಷ್ಟು ಒಳಗೆ ಅಡಗುತ್ತದೆ.

ಈ ಎರಡು ಕಾರಣಗಳನ್ನು ಬೇರ್ಪಡಿಸುವುದು ಹೇಗೆ? ನೆಲ ನೋಡಿ. ಖಾಲಿ ಕೇಸುಗಳು ಗ್ಯಾಸ್ ಸಾಲದೆ ಫೈರರ್ ಬಳಿಯಲ್ಲೇ ಸೋತು ಬಿದ್ದಿವೆಯೋ, ಗ್ಯಾಸ್ ಅತಿಯಾಗಿ ದೂರಕ್ಕೆ ಸಿಡಿದಿವೆಯೋ? ಕೇಸಿನ ಅಂಚು ನೋಡಿ. ಎಕ್ಸ್‌ಟ್ರ್ಯಾಕ್ಟರ್ ಅದನ್ನು ಹರಿದಿದೆಯೋ, ಬಗ್ಗಿಸಿದೆಯೋ? ಈ ಕೇಸುಗಳನ್ನು ನಾವು ಎಣಿಸಿ, ಲೆಕ್ಕ ಒಪ್ಪಿಸಿ, ಚೀಲಕ್ಕೆ ತುಂಬುತ್ತೇವೆ. ಎಲ್ಲಿ ಬಿದ್ದಿದ್ದವು ಎಂದು ಯಾರೂ ಬರೆಯುವುದಿಲ್ಲ.

ಕೊಳೆಯೇ ಕಾರಣ ಎಂಬ ತೀರ್ಪು ಎಷ್ಟು ದುಬಾರಿಯಾಗಬಲ್ಲದು ಎನ್ನುವುದಕ್ಕೆ ವಿಯೆಟ್ನಾಮ್ ಯುದ್ಧದಲ್ಲಿ ಅಮೆರಿಕ ಸೇನೆಯ ಎಂ16 ರೈಫಲ್ ಪ್ರಕರಣವಿದೆ. ಯೂಜೀನ್ ಸ್ಟೋನರ್ ವಿನ್ಯಾಸದ ಆ ರೈಫಲ್ ಒಂದು ಬಗೆಯ ಮದ್ದಿನೊಡನೆ ಬೆಳೆದಿತ್ತು. 1964ರ ಹೊತ್ತಿಗೆ ಕಡ್ಡಿಯಾಕಾರದ ಐಎಂಆರ್ ಮದ್ದಿನ ಜಾಗಕ್ಕೆ ಉಂಡೆಯಾಕಾರದ ಬಾಲ್ ಮದ್ದು ಬಂತು. ಗ್ಯಾಸ್ ಪೋರ್ಟಿನ ಒತ್ತಡ ಏರಿತು, ಬೋಲ್ಟಿನ ವೇಗ ಏರಿತು, ಮಸಿಯೂ ಹೆಚ್ಚಿತು. ಚೇಂಬರಿಗೆ ಕ್ರೋಮ್ ಲೇಪನ ಇರಲಿಲ್ಲ, ತೇವದ ಕಾಡಿನಲ್ಲಿ ಅದು ತುಕ್ಕು ಹಿಡಿಯಿತು. ಸಾಕಷ್ಟು ಕ್ಲೀನಿಂಗ್ ಕಿಟ್‌ಗಳೂ ಸೈನಿಕರಿಗೆ ಸಿಗಲಿಲ್ಲ. ಖಾಲಿ ಕೇಸು ಚೇಂಬರಿನಲ್ಲೇ ಅಂಟಿ ಕುಳಿತ ರೈಫಲ್ ಹಿಡಿದು ಯುವಕರು ಸತ್ತರು. ತಪ್ಪು ಹೊರಿಸಿದ್ದು ಅವರ ಸೋಮಾರಿತನದ ಮೇಲೆ! 1967ರಲ್ಲಿ ಅಮೆರಿಕದ ಪ್ರತಿನಿಧಿ ಸಭೆಯ ಇಕಾರ್ಡ್ ಉಪಸಮಿತಿ ವಿಚಾರಣೆ ನಡೆಸಿದ ಮೇಲೆ ಮದ್ದಿನ ಬದಲಾವಣೆಯ ಕಥೆ ಲೋಕಕ್ಕೆ ತಿಳಿಯಿತು. ಮುಂದೆ ಬೋಲ್ಟಿನ ಹೊಡೆತ ತಡೆಯುವ ಬಫರ್ ಬದಲಾಯಿತು, ಚೇಂಬರಿಗೆ ಕ್ರೋಮ್ ಬಂತು. ಸ್ವಚ್ಛತೆ ಬೇಡವೆಂದು ನಾನು ಹೇಳುತ್ತಿಲ್ಲ, ಅದು ನಮ್ಮ ಧರ್ಮ. ಆದರೆ ಅದು ತನಿಖೆಯ ಮೊದಲ ಪ್ರಶ್ನೆಯಾಗಬೇಕೇ ಹೊರತು ಕೊನೆಯ ತೀರ್ಪಾಗಬಾರದು.

ಇದಕ್ಕೆ ಎದುರಾಗಿ ಎಂ1 ಗ್ಯಾರಂಡ್ ಪ್ರಕರಣ ನಿಲ್ಲುತ್ತದೆ. 1936ರಲ್ಲಿ ಅಮೆರಿಕ ಸೇನೆ ಸ್ವೀಕರಿಸಿದ ಸೆಮಿ ಆಟೋಮ್ಯಾಟಿಕ್ ರೈಫಲ್ ಅದು, ಕ್ಲಿಪ್ಪಿನಲ್ಲಿ 8 ರೌಂಡು. ಕಾರ್ಖಾನೆಯಿಂದ ಬಂದ ಆರಂಭದ ರೈಫಲ್ಲುಗಳಲ್ಲಿ 7ನೆಯ ರೌಂಡು ಸಿಕ್ಕಿಕೊಳ್ಳುತ್ತಿತ್ತು. ನಿಲ್ಲುವುದು 7ನೆಯ ರೌಂಡಿಗೆ ಎಂದು ಯಾರೋ ಗಮನಿಸಿದ್ದರಿಂದಲೇ ತನಿಖೆಗೆ ದಾರಿ ಸಿಕ್ಕಿತು. ಕೊನೆಗೆ ತಿಳಿದದ್ದೇನು? ಮೊದಲ ಮಾದರಿಗಳಲ್ಲಿ ರೌಂಡಿಗೆ ದಾರಿ ತೋರುತ್ತಿದ್ದ ರಿಸೀವರಿನ ಸಣ್ಣ ಲೋಹದ ಅಂಚೊಂದು, ಸರಣಿ ಉತ್ಪಾದನೆಯಲ್ಲಿ ಯಂತ್ರದ ಅನುಕೂಲಕ್ಕಾಗಿ ಕತ್ತರಿಸಿಹೋಗಿತ್ತು. ಎಷ್ಟು ಒರೆಸಿದ್ದರೂ ಆ ಅಂಚು ಮರಳಿ ಬರುತ್ತಿರಲಿಲ್ಲ.

ಇನ್ನು ನನ್ನನ್ನು ಇಂದಿಗೂ ಬಿಡದ ಪ್ರಶ್ನೆ: ಮ್ಯಾಗಜಿನ್ ಒಂದರ ಆಯುಷ್ಯ ಎಷ್ಟು?

ರೈಫಲ್ಲಿಗೆ ನಂಬರ್ ಇದೆ, ಅದರ ಜಾತಕ ಬರೆದಿಡುತ್ತೇವೆ. ಮ್ಯಾಗಜಿನ್ನಿಗೆ? ರಾಶಿಯಿಂದ ಕೈಗೆ ಸಿಕ್ಕಿದ್ದು ಹಂಚುತ್ತೇವೆ, ಸಂಜೆ ರಾಶಿಗೇ ಸುರಿಯುತ್ತೇವೆ. ಒಮ್ಮೆ ವಾರ್ಷಿಕ ಫೈರಿಂಗಿನಲ್ಲಿ ಎಳೆಯ ಕಾನ್‌ಸ್ಟೆಬಲ್ ಒಬ್ಬಳ ರೈಫಲ್ ಮತ್ತೆ ಮತ್ತೆ ನಿಲ್ಲುತ್ತಿತ್ತು. ರಿಸರ್ವ್ ಸಬ್ ಇನ್‌ಸ್ಪೆಕ್ಟರ್ ಸಾಹೇಬರು ಗದರಿದರು. "ಸರ್, ರಾತ್ರಿಯೇ ಕ್ಲೀನ್ ಮಾಡಿದ್ದೆ" ಎಂದಳು ಆಕೆ. ಪಕ್ಕದವನ ಮ್ಯಾಗಜಿನ್ ಅವಳಿಗೂ ಅವಳದನ್ನು ಅವನಿಗೂ ಕೊಡಿಸಿದೆ. ಅವಳ ರೈಫಲ್ ಓಡಿತು, ಅವನದು ನಿಂತಿತು. ಮ್ಯಾಗಜಿನ್ನಿನ ಮೇಲ್ತುಟಿಗಳಲ್ಲಿ ಒಂದು ಕಣ್ಣಿಗೆ ಕಾಣಿಸದಷ್ಟು ಹಿಗ್ಗಿತ್ತು, ಹೊಸದರ ಪಕ್ಕ ಹಿಡಿದಾಗ ಮಾತ್ರ ತಿಳಿಯಿತು. ಆ ಹುಡುಗಿಯ ಮುಖದ ಮೇಲಿನ ಅವಮಾನ ಇಳಿದದ್ದನ್ನು ನೋಡಿದ ಸಂತೋಷ ನನಗಿದೆ. ಆದರೆ ಆ ಮ್ಯಾಗಜಿನ್ನನ್ನು ಬೇರೆ ಇಡಲು ಯಾವ ರಿಜಿಸ್ಟರಿನಲ್ಲೂ ಕಾಲಂ ಇರಲಿಲ್ಲ.

ಮ್ಯಾಗಜಿನ್ ಸದಾ ತುಂಬಿಟ್ಟರೆ ಅದರ ಸ್ಪ್ರಿಂಗ್ ಸೋಲುತ್ತದೆ ಎಂಬುದು ಗಾರ್ಡ್ ರೂಮಿನ ನಂಬಿಕೆ. ಪದೇ ಪದೇ ತುಂಬಿ ಖಾಲಿ ಮಾಡುವುದೇ ಹೆಚ್ಚು ದಣಿಸುತ್ತದೆ ಎನ್ನುತ್ತಾರೆ ಲೋಹಶಾಸ್ತ್ರದ ಗೆಳೆಯರು. ಮ್ಯಾಗಜಿನ್ ಮೇಲಿನ ಇಂಥದೇ ಅಪನಂಬಿಕೆಯಿಂದ ವಿಯೆಟ್ನಾಮಿನಲ್ಲಿ 20 ಹಿಡಿಯುವ ಮ್ಯಾಗಜಿನ್ನಿಗೆ 18 ರೌಂಡು ಮಾತ್ರ ತುಂಬುವ ರೂಢಿ ಸೈನಿಕರಲ್ಲಿತ್ತು. ಸ್ಪ್ರಿಂಗ್ ಮಾತ್ರವಲ್ಲ, ಮ್ಯಾಗಜಿನ್ನಿನ ಕವಚವೂ ಸೋಲಬಹುದು: 1999ರ ಕಾರ್ಗಿಲ್ ಯುದ್ಧದ ಚಳಿಯಲ್ಲಿ ನಮ್ಮ ಸೇನೆಯ ಇನ್ಸಾಸ್ ರೈಫಲ್ಲಿನ ಪ್ಲಾಸ್ಟಿಕ್ ಮ್ಯಾಗಜಿನ್ನುಗಳು ಬಿರುಕು ಬಿಟ್ಟ ವರದಿಗಳು ಬಂದವು. ಚೇಂಬರ್ ಅಳೆಯಲು ನಮ್ಮಲ್ಲಿ ಗೇಜ್ ಇದೆ, ಬ್ಯಾರಲ್ ಸವೆತ ಅಳೆಯಲು ಗೇಜ್ ಇದೆ. ಬೋಲ್ಟಿನೊಡನೆ ಓಟಕ್ಕಿಳಿದ ಸ್ಪ್ರಿಂಗ್ ಯಾವ ದಿನ ಸೋಲತೊಡಗುತ್ತದೆ ಎಂದು ಕೋತ್‌ನ ಬೆಂಚಿನ ಮೇಲೆ ತೋರಿಸುವ ಸಾಧನ ಮಾತ್ರ ನಮ್ಮ ಕೈಯಲ್ಲಿಲ್ಲ. ಇಲ್ಲಿರುವ ಯುವ ಎಂಜಿನಿಯರುಗಳೇ, ಈ ಪ್ರಶ್ನೆಯನ್ನು ನಿಮ್ಮ ಕೈಗೆ ಒಪ್ಪಿಸುತ್ತಿದ್ದೇನೆ.

ಸಂಕಿರಣ ಮುಗಿಯುವುದರೊಳಗೆ ಮೂರು ನಿರ್ಣಯ ಆಗಲಿ ಎಂಬುದು ನನ್ನ ಕೋರಿಕೆ. ಪ್ರತಿ ಮ್ಯಾಗಜಿನ್ನಿಗೂ ನಂಬರ್ ಕೆತ್ತಿಸಿ. ರೇಂಜಿನಲ್ಲಿ ರೈಫಲ್ ನಿಂತರೆ ನಳಿಗೆ ಗುರಿಯ ಕಡೆಗೇ ಇರಲಿ, ಬೆರಳು ಟ್ರಿಗರಿನಿಂದ ಹೊರಬರಲಿ, ಆರ್ಮರರ್ ಬಂದು ನೋಡಿ ಬರೆದುಕೊಳ್ಳುವವರೆಗೆ ಯಾರೂ ಅಡ್ಡಿ ತೆಗೆಯದಿರಲಿ. ರೈಫಲ್, ಮ್ಯಾಗಜಿನ್, ಮದ್ದಿನ ಲಾಟ್, ಎಷ್ಟನೆಯ ರೌಂಡು, ಇಷ್ಟಕ್ಕೂ ರಿಜಿಸ್ಟರಿನಲ್ಲಿ ಕಾಲಂ ಬರಲಿ. ಖಜಾನೆಯ ಬಾಗಿಲಲ್ಲಿ, ಚುನಾವಣೆಯ ಬೂತಿನಲ್ಲಿ ರಾತ್ರಿಯಿಡೀ ನಿಲ್ಲುವ ಸಿಬ್ಬಂದಿ ನಾವು ಕೊಟ್ಟ ರೈಫಲ್ಲನ್ನು ನಂಬಿ ನಿಂತಿರುತ್ತಾರೆ. ತಪಾಸಣೆ ಮಾಡದೆ ಅವರ ಮೇಲೆ ತಪ್ಪು ಹೊರಿಸುವ ಹಕ್ಕು ನಮಗಿಲ್ಲ. ನಿಮ್ಮ ಚರ್ಚೆ ಈ ಮಾತಿನಿಂದ ಆರಂಭವಾಗಲಿ.